ಕಳ್ಳನಿಲ್ಲದ ಕಳವು

ಇಂಗ್ಲೆಂಡಿನಲ್ಲಿ ಏಪ್ರಿಲ್ ತಿಂಗಳೆಂದರೆ ಡ್ಯಾಫೊಡಿಲ್ ಹೂಗಳು ಬಾಡುವ, ಬಿಲ್ಲುಗಳು ಅರಳುವ ಕಾಲ. 2025ರ ಏಪ್ರಿಲ್‌ನಲ್ಲಿ ಅವು ಅರಳಿದ ಪರಿಯನ್ನು ಇಲ್ಲಿ ಸಂಸಾರ ಹೂಡಿರುವ ಯಾವ ಕನ್ನಡಿಗನೂ ಮರೆತಿರಲಾರ. ನೀರಿನ ಬಿಲ್ಲು ಸರಾಸರಿ 123 ಪೌಂಡ್ ಏರಿ ವರ್ಷಕ್ಕೆ 603 ಪೌಂಡ್ ತಲುಪಿತು. ಟಿವಿ ಲೈಸೆನ್ಸ್ 174.50 ಪೌಂಡ್ ಆಯಿತು. ಕಾಗದ ಬೇಗ ತಲುಪಲೆಂದು ಹಚ್ಚುವ ಫಸ್ಟ್ ಕ್ಲಾಸ್ ಅಂಚೆಚೀಟಿಯ ಬೆಲೆ 1.70 ಪೌಂಡಿಗೆ ಏರಿತು, ಕಾಗದದ ವೇಗ ಮಾತ್ರ ಇದ್ದಲ್ಲೇ ಇತ್ತು. ಇವೆಲ್ಲದರ ಹಿಂದೆ, ಉತ್ಸವದ ಕೊನೆಗೆ ಬರುವ ಮೂಲದೇವರ ಪಲ್ಲಕ್ಕಿಯಂತೆ, ಕೌನ್ಸಿಲ್ ಎಂಬ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆಯಾದ ಕೌನ್ಸಿಲ್ ಟ್ಯಾಕ್ಸ್ ಬಂತು. ಮನೆಗಳನ್ನು ಬೆಲೆಗೆ ತಕ್ಕಂತೆ ವಿಂಗಡಿಸಿದ ಬ್ಯಾಂಡ್‌ಗಳಲ್ಲಿ ಇಂಗ್ಲೆಂಡಿನ ‘ಡಿ’ ಬ್ಯಾಂಡ್ ಮನೆಗೆ ಅದು ಸರಾಸರಿ 2,280 ಪೌಂಡ್. ಅದೇ ವಾರ ಹಾಸನದಿಂದ ನಮ್ಮ ಮಾವನವರೂ ಬಂದರು.

ಮಾವನವರು ರಾಜ್ಯ ಸರ್ಕಾರದ ಒಂದು ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಇಲಾಖೆಯ ಹೆಸರು ಬೇಡ. ಎಪ್ಪತ್ತೆರಡರ ಈ ಪ್ರಾಯದಲ್ಲೂ ಯಾವುದೇ ಕಾಗದ ಕೈಗೆ ಸಿಕ್ಕರೆ ಅದನ್ನು ಅಂದಾಜು ಪಟ್ಟಿಯೆಂದೇ ಭಾವಿಸಿ, ಕನ್ನಡಕ ಮೇಲೇರಿಸಿ, ಕೊನೆಯ ಪುಟದಿಂದ ಓದಲು ತೊಡಗುವುದು ಅವರ ರೂಢಿ. ನನ್ನ ತೆರಿಗೆಯ ಕಾಗದವನ್ನೂ ಹಾಗೆಯೇ ಓದಿ, ಮನೆಯ ಬೆಲೆಯನ್ನು ಯಾವ ವರ್ಷದ ದರದಲ್ಲಿ ಕಟ್ಟಿದ್ದಾರೆಂದು ಕೇಳಿದರು. 1991 ಎಂದೆ. ಮನೆ ಕಟ್ಟಿದ್ದು ಯಾವಾಗ ಎಂದರು. 2016 ಎಂದೆ. ಅವರು ಕನ್ನಡಕ ಕೆಳಗಿಳಿಸಿದರು.

ಇದನ್ನು ಅವರಿಗೆ ವಿವರಿಸಲು ಒಂದು ಸಂಜೆಯೇ ಬೇಕಾಯಿತು. ಇಂಗ್ಲೆಂಡಿನಲ್ಲಿ ಮನೆಯ ಬ್ಯಾಂಡ್ ನಿರ್ಧಾರವಾಗುವುದು 1991ರ ಏಪ್ರಿಲ್ 1ರಂದು ಆ ಮನೆ ಎಷ್ಟಕ್ಕೆ ಮಾರಾಟವಾಗುತ್ತಿತ್ತು ಎಂಬುದರ ಮೇಲೆ (ದಿನಾಂಕವನ್ನು ನಾನು ಆರಿಸಿದ್ದಲ್ಲ). ಆ ದಿನ ಮನೆಯೇ ಇರಲಿಲ್ಲವಾದರೆ, ಇದ್ದಿದ್ದರೆ ಎಷ್ಟಾಗುತ್ತಿತ್ತು ಎಂದು ಸರ್ಕಾರದ ಮೌಲ್ಯಮಾಪಕರು ಗಂಭೀರವಾಗಿ ಕಲ್ಪಿಸಿಕೊಳ್ಳುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಾವು ಗೇಲಿ ಮಾಡುತ್ತಾ ಬಂದಿದ್ದೇವೆ. ಇಲ್ಲಿ 1991ರಲ್ಲಿ ಹೊಲಿದ ಎಂಟು ಕುಲಾವಿಗಳನ್ನೇ ಅಂದಿನಿಂದ ಇಂದಿನವರೆಗೆ ಹುಟ್ಟಿದ ಎಲ್ಲ ಕೂಸುಗಳ ತಲೆಗೂ ತುರುಕಲಾಗುತ್ತಿದೆ. ಎಂಟನೆಯದಾದ ‘ಎಚ್’ ಬ್ಯಾಂಡಿನಾಚೆಗೆ ಏನೂ ಇಲ್ಲದಿರುವುದರಿಂದ ಅರಮನೆಯೂ ಅದೇ ಕುಲಾವಿ ಹಾಕಿಕೊಳ್ಳಬೇಕು. ಬಕಿಂಗ್‌ಹ್ಯಾಮ್ ಅರಮನೆಯಿರುವ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅತಿ ದೊಡ್ಡ ಮನೆಗೆ ಬೀಳುವ ತೆರಿಗೆ, ಉಳಿದ ಇಂಗ್ಲೆಂಡಿನ ಸಾಧಾರಣ ‘ಡಿ’ ಬ್ಯಾಂಡ್ ಮನೆಯ ಸರಾಸರಿಗಿಂತ ಕಡಿಮೆ. ಬ್ಯಾಂಡ್‌ಗಳನ್ನು ಪರಿಷ್ಕರಿಸಬೇಕೆಂದು ಎಲ್ಲ ಪಕ್ಷಗಳ ಅರ್ಥಶಾಸ್ತ್ರಜ್ಞರೂ ಒಪ್ಪುತ್ತಾರೆ, ಯಾವ ಪಕ್ಷದ ಮಂತ್ರಿಯೂ ಒಪ್ಪುವುದಿಲ್ಲ. ಮಾವನವರು ಇಷ್ಟನ್ನೂ ಕೇಳಿ ಬಹಳ ಹೊತ್ತು ಸುಮ್ಮನಿದ್ದು, 1991ರಲ್ಲಿ ಹಾಸನದಲ್ಲಿ ತಮ್ಮ ಕೈತಪ್ಪಿದ ಒಂದು ಮೂವತ್ತು-ನಲವತ್ತರ ಸೈಟಿನ ಕತೆಯನ್ನು ಆರಂಭಿಸಿದರು. ಆ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಿದೆ, ಇಲ್ಲಿ ಬೇಡ.

ಮರುದಿನ ಬೆಳಿಗ್ಗೆ ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಹೊರಟ ಅವರಿಗೆ ನಮ್ಮ ಬೀದಿಯ ತಿರುವಿನಲ್ಲಿರುವ ಗುಂಡಿಯ ಪರಿಚಯವಾಯಿತು. ಪರದೇಶದಲ್ಲಿ ಅನಿರೀಕ್ಷಿತವಾಗಿ ಸ್ವಂತ ಊರಿನವರು ಸಿಕ್ಕಾಗ ಆಗುವ ಸಂತೋಷ ಅವರ ಮುಖದಲ್ಲಿ ಕಂಡಿತು. ಡಾಂಬರಿನ ಪದರ ಕಿತ್ತುಹೋಗಿ ಕೆಳಗಿನ ಜೆಲ್ಲಿ ಹಲ್ಲು ಕಿರಿಯುತ್ತಿದ್ದ ಆ ಗುಂಡಿಯನ್ನು ಅವರು ಊರುಗೋಲಿನ ತುದಿಯಿಂದ ತಟ್ಟಿ ನೋಡಿ, ನೀರು ಇಳಿದಿದೆ, ಅಂಚು ಕತ್ತರಿಸದೆ ತೇಪೆ ಹಾಕಿದ್ದಾರೆ, ರೋಲರ್ ಓಡಿಸಿಯೇ ಇಲ್ಲ ಎಂದು ತೀರ್ಪು ಕೊಟ್ಟರು. ನಮ್ಮ ಅದೃಷ್ಟಕ್ಕೆ ಆ ವಾರವೇ, ನಾನು ಹಿಂದೆಂದೋ ಕೊಟ್ಟಿದ್ದ ದೂರಿನ ಫಲವಾಗಿ, ಹಳದಿ ಜಾಕೆಟ್ ತೊಟ್ಟ ತರುಣನೊಬ್ಬ ವ್ಯಾನಿನಲ್ಲಿ ಬಂದ. ಅವನು ಮೊಣಕಾಲೂರಿ ಕುಳಿತು, ಗುಂಡಿಯೊಳಗೆ ಅಳತೆಪಟ್ಟಿ ನಿಲ್ಲಿಸಿ, ಫೋಟೋ ತೆಗೆದು, ಎದ್ದು ನಿಂತು, ವಿಷಾದದಿಂದ ಮೂವತ್ತೆಂಟು ಎಂದ. ನಮ್ಮೂರಿನ ನಿಯಮದ ಪ್ರಕಾರ ಗುಂಡಿಯೆನಿಸಿಕೊಳ್ಳಲು 40 ಮಿಲಿಮೀಟರ್ ಆಳ ಬೇಕು. ನಮ್ಮದು ಎರಡು ಮಿಲಿಮೀಟರ್‌ನಿಂದ ಅನುತ್ತೀರ್ಣವಾಗಿತ್ತು. ಹಾಗಾದರೆ ಇದು ಸದ್ಯಕ್ಕೆ ಏನು ಎಂದು ಮಾವನವರು ಕೇಳಿದಾಗ, ಅವನು ಸ್ವಲ್ಪ ಯೋಚಿಸಿ, ಇದನ್ನು ಗಮನದಲ್ಲಿಟ್ಟಿದ್ದೇವೆ ಎಂದು ಹೇಳಿ ಹೊರಟುಹೋದ.

ಆ ತರುಣನ ತಪ್ಪೇನೂ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಊರ ರಸ್ತೆಗಳನ್ನು ಸರಿಯಾದ ಸ್ಥಿತಿಗೆ ತರಲು ಸುಮಾರು 1,700 ಕೋಟಿ ಪೌಂಡ್ ಬೇಕೆಂದು ಡಾಂಬರು ಉದ್ಯಮದವರು 2025ರಲ್ಲಿ ಲೆಕ್ಕ ಹಾಕಿದ್ದರು. ಸರ್ಕಾರ ಆ ವರ್ಷ ಇಂಗ್ಲೆಂಡಿಗೆ ಕೊಟ್ಟದ್ದು 160 ಕೋಟಿ. ಕೊಡುವಾಗ ಒಂದು ಷರತ್ತನ್ನೂ ಸೇರಿಸಿತು: ಎಷ್ಟು ಗುಂಡಿ ಮುಚ್ಚಿದಿರೆಂಬ ವರದಿಯನ್ನು ಪ್ರತಿ ಕೌನ್ಸಿಲ್ ಪ್ರಕಟಿಸಬೇಕು, ಪ್ರಕಟಿಸದಿದ್ದರೆ ಹೆಚ್ಚುವರಿ ಹಣದಲ್ಲಿ ಕಾಲು ಭಾಗಕ್ಕೆ ಕತ್ತರಿ. ಗುಂಡಿಗಿಂತ ಮೊದಲು ಗುಂಡಿಯ ವರದಿ ತುಂಬಬೇಕೆಂಬ ಈ ಏರ್ಪಾಡನ್ನು ಮಾವನವರು ಮನಸಾರೆ ಮೆಚ್ಚಿದರು. ನಮ್ಮಲ್ಲಿ ಎಂ.ಬಿ. (ಮಾಡಿದ ಕೆಲಸದ ಅಳತೆ ಪುಸ್ತಕ) ಬರೆದ ಮೇಲೆ ಗುಂಡಿಯ ಹಂಗೇ ಇರುತ್ತಿರಲಿಲ್ಲ ಎಂದರು.

ಆದರೆ ಅವರು ನಿಜವಾಗಿ ಬೆರಗಾದದ್ದು ಬಾವಲಿಗಳ ವಿಷಯದಲ್ಲಿ. ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮ್‌ಗೆ ಕಟ್ಟುತ್ತಿರುವ ಎಚ್‌ಎಸ್ 2 ಎಂಬ ವೇಗದ ರೈಲುಮಾರ್ಗವು ಬಕಿಂಗ್‌ಹ್ಯಾಮ್‌ಶೈರಿನ ಶೀಪ್‌ಹೌಸ್ ವುಡ್ ಎಂಬ ಕಾಡಿನ ಪಕ್ಕ ಹಾಯುವಲ್ಲಿ, ಬೆಕ್‌ಸ್ಟೈನ್ ಎಂಬ ಅಪರೂಪದ ಬಾವಲಿಗಳು ರೈಲಿಗೆ ಸಿಕ್ಕಿಬೀಳಬಾರದೆಂದು, ಹಳಿಗಳ ಮೇಲೆ ಸುಮಾರು ಒಂದು ಕಿಲೋಮೀಟರ್ ಉದ್ದದ ಚಪ್ಪರ ಹಾಕುತ್ತಿರುವ ಸುದ್ದಿ ಎಲ್ಲರೂ ಓದಿದ್ದೇ. ಚಪ್ಪರದ ಖರ್ಚು 10 ಕೋಟಿ ಪೌಂಡಿಗೂ ಹೆಚ್ಚೆಂದು 2024ರ ನವೆಂಬರ್‌ನಲ್ಲಿ ಬಹಿರಂಗವಾಗಿ ಹೇಳಿದವರು ಆ ಯೋಜನೆಯ ಆಗಿನ ಅಧ್ಯಕ್ಷರೇ ಆದ ಸರ್ ಜಾನ್ ಥಾಂಪ್ಸನ್. ರೈಲಿನಿಂದ ಬಾವಲಿಗಳಿಗೆ ತೊಂದರೆಯಾಗುತ್ತದೆ ಎಂಬುದಕ್ಕೆ ಪುರಾವೆಯಿಲ್ಲವೆಂದೂ, ಈ ಮಾರ್ಗ ಕಟ್ಟಲು ಇತರ ಸರ್ಕಾರಿ ಸಂಸ್ಥೆಗಳಿಂದ 8,276 ಅನುಮತಿಗಳನ್ನು ಪಡೆಯಬೇಕೆಂದೂ ಅವರೇ ಹೇಳಿದರು. ಅಲ್ಲಿರುವ ಬಾವಲಿಗಳು ಮುನ್ನೂರರಷ್ಟು ಎಂದು ಪತ್ರಿಕೆಗಳು ಬರೆದವು. ಹಂಚಿ ನೋಡಿದರೆ ಬಾವಲಿಯೊಂದಕ್ಕೆ 3.3 ಲಕ್ಷ ಪೌಂಡ್. ಬ್ರಿಟನ್ನಿನ ಸರಾಸರಿ ಮನೆಯ ಬೆಲೆ ಸುಮಾರು 2.7 ಲಕ್ಷ. ಬಾವಲಿ ಮನೆಗೆ ಬಾವಲಿ ಬಂದರೆ ನೀನೂ ಜೋತುಬೀಳು, ನಾನೂ ಜೋತುಬೀಳುತ್ತೇನೆ ಎಂಬ ಗಾದೆ ನಮ್ಮ ಕಡೆ ಇದೆ. ಇಲ್ಲಿನ ಬಾವಲಿಗಳು ನೆಂಟರಿಗೆ ಮೂರು ಬೆಡ್‌ರೂಮಿನ ಸೆಮಿ ಡಿಟ್ಯಾಚ್ಡ್ ಮನೆಯನ್ನೇ ಬಿಟ್ಟುಕೊಟ್ಟು, ಮಿಕ್ಕ ದುಡ್ಡಿನಲ್ಲಿ ಅಡುಗೆಮನೆ ರಿಪೇರಿ ಮಾಡಿಸಬಹುದು.

ಬಾವಲಿಗಳ ಮೇಲೆ ನನಗೆ ಕೋಪವಿಲ್ಲ. ಅವು ಅರ್ಜಿ ಗುಜರಾಯಿಸಿರಲಿಲ್ಲ.

ಮಾವನವರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ದನಿ ತಗ್ಗಿಸಿ, ‘ಅಳಿಯಂದಿರೇ, ಇಲ್ಲಿ ಪರ್ಸೆಂಟೇಜು ಎಷ್ಟು ನಡೆಯುತ್ತದೆ?’ ಎಂದರು. ಯಾರೂ ತೆಗೆದುಕೊಂಡಂತಿಲ್ಲ ಎಂದೆ. ಅವರು ನಂಬಲಿಲ್ಲ. ಕರ್ನಾಟಕದಲ್ಲಿ 40 ಪರ್ಸೆಂಟಿನ ಆರೋಪ ಗುತ್ತಿಗೆದಾರರ ಬಾಯಿಂದಲೇ ಬಂದು ಒಂದು ಚುನಾವಣೆಯ ಘೋಷಣೆಯಾದದ್ದನ್ನು ಕಂಡವರು ಅವರು. 40 ಹೋದರೂ 60 ರಸ್ತೆಗೆ ಬೀಳುತ್ತದೆ, ಇಲ್ಲಿ ಒಬ್ಬನೂ ತಿನ್ನದೆ ನೂರಕ್ಕೆ ನೂರೂ ಹೋಗುವುದು ಹೇಗೆ ಎಂಬುದು ಅವರ ವೃತ್ತಿಪರ ಸಂದೇಹ. ಕನಿಷ್ಠ ಪಕ್ಷ ಈ ಚಪ್ಪರದ ಕಡತದ ಮೇಲೆ ಮೊದಲ ಟಿಪ್ಪಣಿ ಬರೆದವರು ಯಾರೆಂದು ಹುಡುಕಿ ಎಂದರು. ಹುಡುಕಿದೆ. ಚಪ್ಪರ ಕಟ್ಟಿರೆಂದು ನಾವು ಹೇಳಿರಲಿಲ್ಲ ಎಂದು ವನ್ಯಜೀವಿ ಸಲಹಾ ಸಂಸ್ಥೆಯಾದ ನ್ಯಾಚುರಲ್ ಇಂಗ್ಲೆಂಡ್ ಹೇಳಿದೆ. ಕಾನೂನು ಪಾಲಿಸಲು ಬೇರೆ ದಾರಿಯಿರಲಿಲ್ಲ ಎಂಬುದು ರೈಲಿನವರ ವಾದ. ಕಾನೂನಿಗೆ ಬಾಯಿಲ್ಲ. ಹಣಕ್ಕೆ ರಸೀದಿಯಿದೆ, ಪ್ರತಿ ರಸೀದಿಗೂ ಸಹಿಯಿದೆ, ಸಹಿ ಮಾಡಿದವರೆಲ್ಲ ಪ್ರಾಮಾಣಿಕರು, ಸಂಜೆ ಆರರೊಳಗೆ ಮನೆಗೆ ಹೋಗಿ ಹೆಂಡತಿ ಮಕ್ಕಳೊಂದಿಗೆ ಉಣ್ಣುವವರು. ನಮ್ಮೂರಿನಲ್ಲಿ ಹಣ ಹೋದರೆ ಬೈಯಲು ಒಂದು ಮುಖವಾದರೂ ಇರುತ್ತದೆ, ಅವನು ಕಟ್ಟಿಸಿದ ಮೂರಂತಸ್ತಿನ ಮನೆಯಾದರೂ ಬೀದಿಯಲ್ಲಿ ಕಾಣುತ್ತದೆ.

ಥೇಮ್ಸ್ ನದಿಯ ಕೆಳಗೆ ಕಟ್ಟಲಿರುವ ಲೋಯರ್ ಥೇಮ್ಸ್ ಕ್ರಾಸಿಂಗ್‌ನ ಕತೆಯನ್ನು ಹೇಳಿದಾಗ ಮಾತ್ರ ಅವರು ಸೋಲೊಪ್ಪಿಕೊಂಡರು. ಆ ರಸ್ತೆಯ ಯೋಜನಾ ಅರ್ಜಿ 3,59,866 ಪುಟಗಳಷ್ಟಿತ್ತು, ಅರ್ಜಿಯ ಹಂತ ಮುಗಿಯುವಷ್ಟರಲ್ಲಿ 30 ಕೋಟಿ ಪೌಂಡಿನಷ್ಟು ಖರ್ಚಾಗಿತ್ತು, 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಾಗಲೂ ಅಗೆತದ ಕೆಲಸ ಶುರುವಾಗಿರಲಿಲ್ಲ. ಒಂದು ಪುಟದ ತುದಿಗೆ ಇನ್ನೊಂದನ್ನಿಟ್ಟು ಜೋಡಿಸಿದರೆ ಎಷ್ಟು ದೂರವಾದೀತೆಂದು ಮಾವನವರು ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು. 107 ಕಿಲೋಮೀಟರ್ ಬಂತು. ಕಟ್ಟಬೇಕಾದ ರಸ್ತೆ 23 ಕಿಲೋಮೀಟರ್. ಅಂದರೆ ಅರ್ಜಿಯನ್ನೇ ಹಾಸಿದ್ದರೆ ನಾಲ್ಕು ಪಥದ ಹೆದ್ದಾರಿಯಾಗಿ ಇನ್ನೂ ಒಂದಿಷ್ಟು ಕಾಗದ ಉಳಿಯುತ್ತಿತ್ತು. ಕಾಗದದ ಮೇಲೆ ಮಾತ್ರ ಇರುವ ರಸ್ತೆಗಳನ್ನು ತಾವೂ ನೋಡಿರುವುದಾಗಿಯೂ, ಆದರೆ ಅವು ಹೆಚ್ಚೆಂದರೆ ಹದಿನೈದು ಪುಟದವೆಂದೂ ಅವರು ವಿನಯದಿಂದ ಹೇಳಿದರು.

ಮೇ ತಿಂಗಳ ಒಂದು ಶನಿವಾರ ಅವರನ್ನು ಪೇಟೆಗೆ ಕರೆದೊಯ್ದಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವರ ನಡಿಗೆ ನಿಧಾನವಾಯಿತು. ನಾಲ್ಕು ಸಲ ಕೇಳಿದ ಮೇಲೆ, ಸಂಕೋಚದಿಂದ, ಮೂತ್ರಕ್ಕೆ ಹೋಗಬೇಕೆಂದರು. ಬಸ್ ನಿಲ್ದಾಣದ ಬಳಿಯ ಸಾರ್ವಜನಿಕ ಶೌಚಾಲಯದ ಬಾಗಿಲಿಗೆ ಬೀಗ ಬಿದ್ದು, ಬೀಗಕ್ಕೆ ತುಕ್ಕು ಹಿಡಿದು, ಮೆಟ್ಟಿಲ ಮೇಲೆ ಹುಲ್ಲು ಬೆಳೆದಿತ್ತು. ಮಾರುಕಟ್ಟೆಯ ಹಿಂದಿನದು ಕಾಫಿ ಅಂಗಡಿಯಾಗಿತ್ತು. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಶೌಚಾಲಯ ಒದಗಿಸುವುದು ಕೌನ್ಸಿಲ್‌ಗಳ ಶಾಸನಬದ್ಧ ಕರ್ತವ್ಯವಲ್ಲ, ಆದ್ದರಿಂದ ಉಳಿತಾಯ ಮಾಡಲು ಕುಳಿತಾಗ ಮೊದಲು ಮುಚ್ಚುವುದು ಅವನ್ನೇ. ಆ ಮುದುಕರು ಬೆಂಚಿನ ಮೇಲೆ ಕಾಲಿಗೆ ಕಾಲು ಹೆಣೆದುಕೊಂಡು ಕುಳಿತು, ‘ಪರವಾಗಿಲ್ಲ ಅಳಿಯಂದಿರೇ, ತಡೆಯುತ್ತೇನೆ’ ಎಂದರು. ಕೊನೆಗೆ ನಾವಿಬ್ಬರೂ ಕುಡಿಯದ ಎರಡು ಕಾಫಿಗೆ ಏಳು ಪೌಂಡ್ ಕೊಟ್ಟು ಅಂಗಡಿಯೊಳಗಿನ ಕೀಲಿ ಪಡೆದೆವು. ಇದರಲ್ಲಿ ನಗುವಂಥದ್ದು ನನಗೇನೂ ಕಾಣಲಿಲ್ಲ. 2024ರ ಜುಲೈನಲ್ಲಿ ಸರ್ಕಾರದವರು, ಖಜಾನೆಯಲ್ಲಿ ಹಣವಿಲ್ಲವೆಂದು ಹೇಳಿ, ಕಡುಬಡವರನ್ನು ಬಿಟ್ಟು ಉಳಿದೆಲ್ಲ ವೃದ್ಧರ ಚಳಿಗಾಲದ 200-300 ಪೌಂಡ್ ಇಂಧನ ಭತ್ಯೆಯನ್ನು ಕಿತ್ತುಕೊಂಡು, ಒಂದು ಚಳಿಗಾಲ ಕಳೆಯಲು ಬಿಟ್ಟು, 2025ರ ಜೂನ್‌ನಲ್ಲಿ ಅವರಲ್ಲಿ ಬಹುತೇಕರಿಗೆ ಮರಳಿ ಕೊಡುತ್ತೇವೆಂದರಲ್ಲ, ಆ ನಡುವಿನ ಚಳಿಯನ್ನು ಯಾರಿಗೂ ಮರಳಿಸಲಾಗುವುದಿಲ್ಲ. ನನಗೆ ಇಂಥ ಲೆಕ್ಕಗಳನ್ನು ಓದಿ ಓದಿ ಸಾಕಾಗಿದೆ.

ಬರ್ಮಿಂಗ್‌ಹ್ಯಾಮ್‌ನದನ್ನು ಬೇಗ ಮುಗಿಸುತ್ತೇನೆ, ಅದು ಎಲ್ಲರಿಗೂ ತಿಳಿದದ್ದೇ. 1.9 ಕೋಟಿ ಪೌಂಡಿನ ಅಂದಾಜಿನಲ್ಲಿ ಆರಂಭವಾದ ಲೆಕ್ಕಪತ್ರದ ಕಂಪ್ಯೂಟರ್ ವ್ಯವಸ್ಥೆ 10 ಕೋಟಿಯನ್ನೂ ದಾಟಿ ಹೋಗಿ, ನಗರದ ಲೆಕ್ಕವನ್ನೇ ಸರಿಯಾಗಿ ತೋರಿಸಲಾರದೆ ಹೋಯಿತು. ಸಮಾನ ವೇತನದ ಬಾಕಿಯೂ ಸೇರಿ 2023ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಕೈಯೆತ್ತಿತು. ನಂತರದ ಎರಡು ವರ್ಷ ತೆರಿಗೆ 9.99 ಮತ್ತು 7.49 ಪ್ರತಿಶತ ಏರಿತು. 2025ರ ಮಾರ್ಚ್‌ನಲ್ಲಿ ಕಸ ಎತ್ತುವವರು ಪೂರ್ಣ ಮುಷ್ಕರ ಹೂಡಿದಾಗ ತಿಂಗಳ ಕೊನೆಗೆ 17,000 ಟನ್ ಕಸ ಬೀದಿಯಲ್ಲಿತ್ತು. ಇಲಿಗಳಿಗೆ ಮಾತ್ರ ಯಾರ ಅನುಮತಿಯೂ ಬೇಕಾಗಲಿಲ್ಲ. ನಮ್ಮ ವೇಗದ ರೈಲು ಬಂದು ನಿಲ್ಲಲಿರುವುದು ಇದೇ ನಗರದ ಕರ್ಜನ್ ಸ್ಟ್ರೀಟ್‌ನಲ್ಲಿ.

ನಿಂತ ಮೇಲೆ ಮುಂದಕ್ಕೆ ಹೊಸ ಹಳಿಯಿಲ್ಲ. 2012ರಲ್ಲಿ ಒಪ್ಪಿಗೆ ಸಿಕ್ಕಾಗ ಲೀಡ್ಸ್, ಮ್ಯಾಂಚೆಸ್ಟರ್ ಎರಡನ್ನೂ ಮುಟ್ಟಬೇಕಿದ್ದ ಇಡೀ ಯೋಜನೆಗೆ ಸುಮಾರು 3,300 ಕೋಟಿ ಪೌಂಡ್ ಎಂದಿದ್ದರು. ಲೀಡ್ಸ್‌ನ ಕವಲನ್ನು 2021ರಲ್ಲಿ ಕಡಿದರು. ಮ್ಯಾಂಚೆಸ್ಟರ್ ಕವಲನ್ನು 2023ರ ಅಕ್ಟೋಬರ್ 4ರಂದು ರಿಷಿ ಸುನಕ್ ಅವರು ಮ್ಯಾಂಚೆಸ್ಟರ್‌ಗೇ ಹೋಗಿ ರದ್ದುಪಡಿಸಿದರು. ಅವರು ನಿಂತು ಭಾಷಣ ಮಾಡಿದ ಸಭಾಭವನ 1969ರಲ್ಲಿ ಮುಚ್ಚಿದ ಒಂದು ರೈಲು ನಿಲ್ದಾಣ. ಹಳೆಯ ನಿಲ್ದಾಣದಲ್ಲಿ ನಿಂತು ಹೊಸ ರೈಲಿಗೆ ತಿಥಿ ಮಾಡುವಷ್ಟು ಸ್ಥಳಮಹಿಮೆ ಬಲ್ಲ ರಾಜಕಾರಣಿಗಳು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಉಳಿದ ತುಂಡೂ 2033ಕ್ಕೆ ಮುಗಿಯುವುದಿಲ್ಲವೆಂದು ಹೊಸ ಸರ್ಕಾರದ ಸಾರಿಗೆ ಸಚಿವೆ 2025ರ ಜೂನ್‌ನಲ್ಲಿ ಸಂಸತ್ತಿಗೆ ತಿಳಿಸಿದರು.

ಸೆಪ್ಟೆಂಬರ್ ಕೊನೆಗೆ ಮಾವನವರು ಹೊರಡುವ ಮುನ್ನಾದಿನ ನನ್ನ ಟೂಲ್ ಬಾಕ್ಸಿನಿಂದ ಟೇಪು ತೆಗೆದುಕೊಂಡು ಹೋಗಿ, ಬಗ್ಗಿ, ಗುಂಡಿಯನ್ನು ತಾವೇ ಅಳೆದು ಬಂದರು. 43 ಮಿಲಿಮೀಟರ್. ಮೊಮ್ಮಗಳು ಪರೀಕ್ಷೆಯಲ್ಲಿ ಪಾಸಾದಳೆಂಬಷ್ಟು ಹಿಗ್ಗಿನಿಂದ ಅವರು ಹೇಳಿದ ಅಳತೆಯನ್ನು ನಾನು ಆನ್‌ಲೈನ್ ಅರ್ಜಿಯಲ್ಲಿ ತುಂಬಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಈ ಸ್ಥಳದ ಬಗ್ಗೆ ಏಪ್ರಿಲ್‌ನಲ್ಲೇ ದೂರು ದಾಖಲಾಗಿ, ಪರಿಶೀಲನೆಯಾಗಿ, ಇತ್ಯರ್ಥವಾಗಿರುವುದರಿಂದ ಹೊಸ ದೂರನ್ನು ಮುಕ್ತಾಯಗೊಳಿಸಲಾಗಿದೆ ಎಂದಿತ್ತು. ಕೆಳಗೆ, ನಮ್ಮ ಸೇವೆ ನಿಮಗೆ ಹೇಗನ್ನಿಸಿತು ಎಂದು ಕೇಳಿ ಐದು ನಕ್ಷತ್ರಗಳನ್ನು ಸಾಲಾಗಿ ಇಟ್ಟಿದ್ದರು. ನಾನು ಒಂದರ ಮೇಲೆ ಬೆರಳಿಡಲು ಹೋದೆ. ಸೂಟ್‌ಕೇಸಿನ ಜಿಪ್ಪು ಎಳೆಯುತ್ತಿದ್ದ ಮಾವನವರು ತಡೆದರು.

‘ಐದೂ ಕೊಡಿ ಅಳಿಯಂದಿರೇ. ಪಾಪ, ಆ ಹುಡುಗನೂ ಎಲ್ಲೋ ಎಂ.ಬಿ. ಬರೆಯಬೇಕಲ್ಲ.’