ದ್ವಾದಶಾದಿತ್ಯರೂ ಒಂದೆಳೆ ವೈರೂ

ಕೆಸರನ್ನೇ ಕಾಣದ ಜೀಪಿನ ನೆತ್ತಿಯ ಮೇಲೆ ಎಂಟು ದೀಪ, ಬಂಪರ್ ಮೇಲೆ ನಾಲ್ಕು. ಹನ್ನೆರಡು ಸೂರ್ಯರು ಒಟ್ಟಿಗೆ ಉದಯಿಸುವುದು ಪ್ರಳಯಕ್ಕೇ ಅಂತ ಪುರಾಣ ಹೇಳುತ್ತದೆ. ಇಲ್ಲೂ ತಪ್ಪೇನಿಲ್ಲ, ಪ್ರಳಯ ಬಾನೆಟ್ ಅಡಿಯಿಂದ ಶುರುವಾಗುತ್ತದೆ, ಅಷ್ಟೇ.

ಒಂದಕ್ಕೆ 55 ವ್ಯಾಟ್ ಅಂದರೂ ಹನ್ನೆರಡಕ್ಕೆ 660. 12 ವೋಲ್ಟ್‌ನಿಂದ ಭಾಗಿಸಿ: 55 ಆಂಪಿಯರ್. ಇಷ್ಟನ್ನೂ ಡ್ಯಾಶ್‌ಬೋರ್ಡಿನ ಹೆಬ್ಬೆರಳಿನಷ್ಟು ಸ್ವಿಚ್ಚಿನ ಮೂಲಕ, ಸ್ಪೀಕರ್‌ಗೆ ಎಳೆದು ಮಿಕ್ಕಿದ ವೈರಿನಲ್ಲಿ ಹರಿಸುವುದು ಸಂಪ್ರದಾಯ. ದೀಪ ಮಂಕಾಗಿ ಉರಿಯುತ್ತದೆ. ಹ್ಯಾಲೊಜೆನ್ ಬಲ್ಬಿಗೆ ತಲುಪುವ ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ಮಾಲೀಕರ ಬಳಿ ಇದಕ್ಕೆ ಪರಿಹಾರ ಸಿದ್ಧ: ಅದೇ ವೈರಿಗೆ ಇನ್ನೆರಡು ದೀಪ.

ಹೆಚ್ಚೇನೂ ಬೇಕಿರಲಿಲ್ಲ. ಎರಡೆರಡು ದೀಪಕ್ಕೆ ಒಂದು ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ಹತ್ತಿಸಿ ಆರಿಸುವ ಪುಟ್ಟ ಡಬ್ಬಿ), 2.5 ಚದರ ಮಿ.ಮೀ. ತಾಮ್ರದ ವೈರ್, 15 ಆಂಪಿಯರ್ ಫ್ಯೂಸ್. ರಿಲೇಯ ಕಾಲುಗಳ ಮೇಲೆ ನಂಬರ್ ಇರುತ್ತದೆ: 30ಕ್ಕೆ ಬ್ಯಾಟರಿ, 87ಕ್ಕೆ ದೀಪ, 86ಕ್ಕೆ ಸ್ವಿಚ್, 85 ಅರ್ತ್‌ಗೆ, ಅಂದರೆ ಗಾಡಿಯ ಲೋಹದ ಮೈಗೆ. ಒಂದು ರಿಲೇಗೆ ಸ್ವಿಚ್ಚಿನಲ್ಲಿ ಹರಿಯುವುದು ಕಾಲು ಆಂಪಿಯರ್ ಕೂಡ ಇರುವುದಿಲ್ಲ. ಐದು ಕಾಲಿನ ರಿಲೇ ತಂದು ನಡುವಿನ 87ಎಗೆ ದೀಪ ಸಿಕ್ಕಿಸಿದ ಮಹನೀಯರೂ ಇದ್ದಾರೆ; ಅವರ ಗಾಡಿಯಲ್ಲಿ ಸ್ವಿಚ್ ಆಫ್ ಮಾಡಿದರೆ ದೀಪ ಹತ್ತುತ್ತದೆ, ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ.

ಫ್ಯೂಸ್ ಇರುವುದು ದೀಪ ಕಾಯಲು ಅಲ್ಲ, ವೈರ್ ಕಾಯಲು. ಹಾಗಾಗಿ ಅದರ ಜಾಗ ಬ್ಯಾಟರಿಯ ಪ್ಲಸ್‌ನಿಂದ ಗೇಣಿನೊಳಗೆ. ಆದರೆ ಕೈಗೆ ಸುಲಭ ಅಂತ ದೀಪದ ಪಕ್ಕ ಕೂರಿಸುತ್ತಾರೆ. ನಡುವಿನ ವೈರ್ ಗ್ರೊಮೆಟ್ (ತೂತಿನ ಅಂಚಿಗೆ ಹಾಕುವ ರಬ್ಬರ್ ಬಳೆ) ಇಲ್ಲದ ತೂತಿನಲ್ಲಿ ತಗಡಿಗೆ ಉಜ್ಜಿ ಬೆತ್ತಲಾದ ದಿನ ಬ್ಯಾಟರಿಯನ್ನು ತಡೆಯುವವರೇ ಇಲ್ಲ. ಇನ್ನು ಮೂರು ಸಲ ಹಾರಿದ ಫ್ಯೂಸಿನ ಜಾಗಕ್ಕೆ ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿದ ಮೇಲೆ ಅದು ಹಾರುವುದಿಲ್ಲ. ಗಾಡಿಯೇ ಹಾರಬೇಕು.

ಎಲ್ಇಡಿ ಬಾರ್ ಹಾಕಿದವರದು ಬೇರೆಯೇ ಸಡಗರ. ಪೆಟ್ಟಿಗೆ ಮೇಲೆ 300 ವ್ಯಾಟ್. ಮೀಟರ್ ಹಿಡಿದರೆ 5 ಆಂಪಿಯರ್, ಅಂದರೆ 60 ವ್ಯಾಟ್. ಉಳಿದ 240 ಪೆಟ್ಟಿಗೆಯಲ್ಲೇ ಉಳಿದಿರಬೇಕು, ಹುಡುಕಿ.

ರಿಲೇಯ ಸ್ವಿಚ್ಚಿಗೆ ಹೈಬೀಮ್ ವೈರಿನಿಂದ ಕರೆಂಟ್ ಕೊಟ್ಟರೆ ಡಿಮ್ ಮಾಡಿದ ಕೂಡಲೇ ಇವೂ ಆರುತ್ತವೆ. ಒಂದೇ ಒಂದು ವೈರಿನ ಕೆಲಸ. ಆದರೆ ಎದುರಿನವನ ಕಣ್ಣು ಕುಕ್ಕುವುದೇ ಉದ್ದೇಶವಾದಾಗ ಆ ವೈರ್ ಯಾರಿಗೆ ಬೇಕು?

ಕೊನೆಗೆ ಅರ್ತ್. ಲಗ್ (ವೈರಿನ ತುದಿಯ ಲೋಹದ ಬಳೆ) ಕೂರುವಷ್ಟು ಜಾಗದಲ್ಲಿ ಬಣ್ಣ ಕೆರೆದು, ಬರಿ ಲೋಹಕ್ಕೆ ಹಲ್ಲು ವಾಷರ್ ಇಟ್ಟು ಬಿಗಿದು, ಮೇಲೆ ಗ್ರೀಸ್ ಬಳಿಯಬೇಕು. ಬಣ್ಣದ ಮೇಲೇ ಬಿಗಿದರೆ ದೀಪ ಮಿಣುಕುತ್ತದೆ, ಲಗ್ ಸುಡುತ್ತದೆ. ಇದು ಮಾಲೀಕರಿಗೂ ಗೊತ್ತು. ಆದರೂ ಕೆರೆಯಲು ಬಿಡುವುದಿಲ್ಲ. ಬಂಡೆ ಹತ್ತಿಸಲೆಂದು ತಂದ ಗಾಡಿ ಅಲ್ಲವೇ, ಗೀರು ಬಿದ್ದೀತು!