ಹಾಕಿ ನೋಡಂಗಿಲ್ಲ, ಓದಿ ಕೇಳಿ!

ಅಡಿಕೆ ಮಂಡಿಯಲ್ಲಿ ಚೀಲ ಬಿಚ್ಚದೆ ಯಾರಾದರೂ ವ್ಯಾಪಾರ ಮುಗಿಸಿದ್ದು ಕಂಡಿದ್ದೀರಾ? ಕೊಳ್ಳುವವರು ಚೀಲಕ್ಕೆ ಕೈ ಹಾಕುತ್ತಾರೆ, ಒಂದು ಹಿಡಿ ತೆಗೆಯುತ್ತಾರೆ, ಒಡೆದು ನೋಡುತ್ತಾರೆ. ರಾಶಿಯೋ, ಬೆಟ್ಟೆಯೋ, ಸರಕೋ, ಗೊರಬಲೋ, ಯಾವ ದರ್ಜೆ ಅನ್ನುವ ಮಾತು ಆಮೇಲೆ. ಅಂಥ ಮಂಡಿ ಇರುವ ಶಿವಮೊಗ್ಗದ ಪೇಟೆಯಲ್ಲೇ ಸ್ಟುಡಿಯೋ ಹೆಡ್‌ಫೋನ್ ಕೊಳ್ಳಲು ಹೋಗಿ ನೋಡಿ.

'ಒಂಚೂರು ಕಿವಿಗೆ ಹಾಕಿ ನೋಡ್ಬಹುದಾ?'

'ಬಾಕ್ಸ್ ಓಪನ್ ಮಾಡಂಗಿಲ್ಲ ಸಾರ್. ಓಪನ್ ಮಾಡಿದ್ರೆ ತಗೊಳ್ಲೇಬೇಕು.'

'ಹಾಕದೆ ಹೇಗಪ್ಪಾ ಗೊತ್ತಾಗೋದು?'

'ಹಿಂದುಗಡೆ ಎಲ್ಲಾ ಬರ್ದಿದ್ದಾರಲ್ಲ ಸಾರ್, ಓದಿ.'

ಓದಿದೆವು. ಮೊದಲು ಹರ್ಟ್ಸ್, ಅಂದರೆ ಎಷ್ಟು ತಗ್ಗಿನ ದನಿಯಿಂದ ಎಷ್ಟು ಎತ್ತರದ ದನಿವರೆಗೆ ನುಡಿಸುತ್ತದೆ ಅನ್ನುವ ಲೆಕ್ಕ. ಬೇಯರ್‌ಡೈನಮಿಕ್ ಡಿಟಿ 770 ಪ್ರೊ 5ರಿಂದ 35,000 ಹರ್ಟ್ಸ್. ಆಡಿಯೋ ಟೆಕ್ನಿಕಾ ಎಂ50ಎಕ್ಸ್ 15ರಿಂದ 28,000. ಸೋನಿಯ 7506 ಪಾಪ 20,000ಕ್ಕೇ ಸುಸ್ತು. ಮನುಷ್ಯನ ಕಿವಿ ಕೇಳುವುದೇ 20ರಿಂದ 20,000 ಹರ್ಟ್ಸ್, ಅದೂ ಎಳೆ ವಯಸ್ಸಿನಲ್ಲಿ. ನಲವತ್ತು ದಾಟಿದವರಿಗೆ ಮೇಲಿನ ತುದಿ ಆಗಲೇ ಕೈಕೊಟ್ಟಿರುತ್ತದೆ. ಆದರೂ 35,000 ಇರುವುದೇ ಬೇಕು ಅಂತ ಹಟ ಹಿಡಿಯುವವರಿದ್ದಾರೆ. ಇರಲಿ, ಅಟ್ಟದ ಬಾವಲಿಗಳೂ ಸಂಗೀತ ಕೇಳಲಿ.

ಆಮೇಲೆ ಓಮ್, ಅಂದರೆ ಹೆಡ್‌ಫೋನ್ ಕರೆಂಟಿಗೆ ಒಡ್ಡುವ ತಡೆ. ಡಿಟಿ 770 ಪ್ರೊ 32, 80, 250 ಓಮ್‌ಗಳಲ್ಲಿ ಸಿಗುತ್ತದೆ. ನಮ್ಮವರು 250ಕ್ಕೇ ಕೈ ಹಾಕುತ್ತಾರೆ. ಜಾಸ್ತಿ ಇದ್ದಿದ್ದೇ ಒಳ್ಳೇದು ಅಲ್ವಾ! ಮನೆಗೆ ತಂದು ಮೊಬೈಲಿಗೆ ಸಿಕ್ಕಿಸಿದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು. ಸಿಕ್ಕಿಸುವುದಕ್ಕೂ ಮೊಬೈಲಿನಲ್ಲಿ ತೂತಿಲ್ಲ, ಅದಕ್ಕೊಂದು ಡಾಂಗಲ್. ಸದ್ದು ಏರಿಸಲು ಒಂದು ಆಂಪ್ಲಿಫೈಯರ್. ಅಗ್ಗದ್ದು ಸಾಕು ಅಂತ ಹೊರಟವನ ಜೇಬಿಂದ ಹೆಡ್‌ಫೋನಿನಷ್ಟೇ ದುಡ್ಡು ಮತ್ತೊಮ್ಮೆ ಹೋಯಿತು. ಮೊಬೈಲು, ಲ್ಯಾಪ್‌ಟಾಪಿಗೆ 32 ಓಮಿಂದೇ ಸಾಕಿತ್ತು. ಎಂ50ಎಕ್ಸ್ 38 ಓಮ್, ಅದೂ ಆಗುತ್ತಿತ್ತು. ಚಿಕ್ಕ ನಂಬರು ಹೇಳಿಕೊಳ್ಳಲು ನಾಚಿಕೆ, ಅಷ್ಟೇ.

ಬಾಕ್ಸಿನ ಮೇಲೆ ಬರೆಯದ ಸಂಗತಿಯೇ ತಲೆ ಹಿಂಡುವುದು. ಅಕ್ಷರಶಃ. ಕ್ಲೋಸ್ಡ್ ಬ್ಯಾಕ್ ಅಂದರೆ ಹಿಂಬದಿ ಮುಚ್ಚಿದ ಹೆಡ್‌ಫೋನ್. ಹಾಡುವಾಗ ಕಿವಿಯೊಳಗಿನ ಟ್ರ್ಯಾಕ್ ಹೊರಗೆ ಸೋರಿ ಮೈಕ್‌ಗೆ ಬೀಳಬಾರದು, ಅದಕ್ಕೆ ಈ ಮುಚ್ಚಳ. ದಿಂಬು ಕಿವಿಯ ಸುತ್ತ ಸರಿಯಾಗಿ ಕೂತರೆ ಮಾತ್ರ ಬೇಸ್ ಉಳಿಯುತ್ತದೆ. ಕನ್ನಡಕದ ಕಡ್ಡಿ ಒಂದು ಚೂರು ಸಂದಿ ಮಾಡಿದರೂ ಬೇಸ್ ಅಲ್ಲೇ ಸೋರಿಹೋಗುತ್ತದೆ. ಅಂದರೆ ನಿಮ್ಮ ತಲೆ, ನಿಮ್ಮ ಕಿವಿ, ನಿಮ್ಮ ಕನ್ನಡಕ ಮೂರೂ ಸೇರಿದ ಮೇಲೇ ದನಿ ಎಂಥದ್ದು ಅಂತ ತಿಳಿಯುವುದು. ಆ ಮೂರನ್ನೂ ಗಾಜಿನ ಕೌಂಟರ್‌ನಿಂದ ಆಚೆ ನಿಲ್ಲಿಸಿ, ಬಾಕ್ಸ್ ಅಲ್ಲಾಡಿಸಿ ನೋಡಿ ಕೊಂಡುಕೊಳ್ಳಿ ಅಂತಾರೆ! ಒಂದು ಪೀಸ್ ಹೊರಗಿಟ್ಟು ಹತ್ತು ನಿಮಿಷ ಹಾಕಿಕೊಳ್ಳಲು ಬಿಟ್ಟರೆ ಅರ್ಧ ತೊಂದರೆ ಕಳೆಯುತ್ತದೆ. ಹತ್ತು ನಿಮಿಷ ಯಾಕೆ ಅಂದ್ರೆ, ಮೊದಲೆರಡು ನಿಮಿಷ ಎಲ್ಲವೂ ಹಿತವಾಗೇ ಇರುತ್ತವೆ. ನೆತ್ತಿ ಒತ್ತುವುದು, ಕಿವಿ ಬೆವರುವುದು ಆಮೇಲೆ.

ಮಲೆನಾಡಿಗೆ ಇನ್ನೊಂದು ಪರೀಕ್ಷೆ ಇದೆ. ಅದನ್ನು ಯಾವ ಕಂಪನಿಯೂ ಮಾಡಿಲ್ಲ. ಆಷಾಢದಲ್ಲಿ ಬೀರುವಿನೊಳಗಿನ ಬೆಲ್ಟಿಗೇ ಬೂಷ್ಟು ಹಿಡಿಯುವ ಊರಿದು. ಹೆಡ್‌ಫೋನಿನ ನಕಲಿ ಚರ್ಮದ ದಿಂಬನ್ನು ಬಿಡುತ್ತದಾ? ಬಿಳಿ ಚುಕ್ಕಿ ಏಳುತ್ತದೆ, ಆಮೇಲೆ ಕರಿ ಸಿಪ್ಪೆ ಕಿತ್ತು ಕೆನ್ನೆಗೆ ಅಂಟುತ್ತದೆ. ಮಖಮಲ್ಲಿನ ದಿಂಬು ಬೇಸಿಗೆಯಲ್ಲಿ ಹಿತ, ಮಳೆಗಾಲದಲ್ಲಿ ಒಣಗದ ಟವೆಲ್ಲಿನ ವಾಸನೆ. ಹಾಗಾಗಿ ಬೇರೆ ದಿಂಬು ಸುಲಭವಾಗಿ ಸಿಗುತ್ತಾ ಅಂತ ಮೊದಲು ವಿಚಾರಿಸಿ. 7506 ಬಂದಿದ್ದು 1991ರಲ್ಲಿ, ಇವತ್ತಿಗೂ ಅದರ ದಿಂಬು ಸಿಗುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಕೇಳಲ್ಲ. 'ಬಿಲ್ ಎಷ್ಟಕ್ಕೆ ಹಾಕ್ತೀರಾ' ಅಂತ ಮಾತ್ರ ಕೇಳ್ತಾರೆ.

ತಂದಾಯ್ತು. ಈಗ 'ಬರ್ನ್ ಇನ್' ಶಾಸ್ತ್ರ. ನೂರು ಗಂಟೆ ಸುಮ್ನೆ ಓಡಿಸಿಟ್ಟರೆ ದನಿ ಹದಕ್ಕೆ ಬರುತ್ತದಂತೆ. ಹದಕ್ಕೆ ಬರುವುದು ದಿಂಬು, ಒಗ್ಗಿಕೊಳ್ಳುವುದು ಕಿವಿ. ಅಷ್ಟರಲ್ಲಿ ವಾಪಸ್ ಕೊಡುವ ದಿನ ಮುಗಿದಿರುತ್ತದೆ. ಈ ಶಾಸ್ತ್ರ ಯಾರು ಕಂಡುಹಿಡಿದರೋ, ವ್ಯಾಪಾರ ಬಲ್ಲವರು.

ಸ್ಟುಡಿಯೋ ಎಲ್ಲಿ ಅಂದ್ರಾ? ಮಾಳಿಗೆ ಕೋಣೆ, ಗೋಡೆಗೆ ಎರಡು ಕಂಬಳಿ, ಮೂಲೆಯಲ್ಲಿ ಒಣ ಅಡಿಕೆ ಮೂಟೆ, ಮೇಲೆ ತಗಡು. ಜುಲೈ ಮಳೆ ತಗಡಿನ ಮೇಲೆ ಬೀಳುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳಲ್ಲ. ಸೆನ್‌ಹೈಸರ್ ಎಚ್‌ಡಿ 280 ಪ್ರೊ ಹೊರಗಿನ ಸದ್ದನ್ನು 32 ಡೆಸಿಬಲ್‌ವರೆಗೂ ತಡೆಯುತ್ತದೆ ಅಂತ ಕಂಪನಿಯ ಮಾತು. ತಡೆಯಲಿ. ಹಾಡುವವನ ಕಿವಿಗೆ ಮಳೆ ಕಡಿಮೆಯಾಯಿತು, ಮೈಕ್‌ನ ಕಿವಿಗೆ ಯಾರು ಹೆಡ್‌ಫೋನ್ ಹಾಕುತ್ತಾರೆ? ಭಾವಗೀತೆಯ ಪ್ರತಿ ಸಾಲಿನ ಹಿಂದೆ ಆಗುಂಬೆ ಸುರಿಯುತ್ತದೆ.

ಕೊನೆಗೆ ಮಳೆ ಬಿಟ್ಟು, ಕರೆಂಟ್ ಬಂದು, ನಾಯಿ ಸುಮ್ಮನಾದ ಒಂದು ರಾತ್ರಿ ಹಾಡು ಮುಗಿಯಿತು. ತಂಬೂರಿ ಅರ್ಧ ಡೆಸಿಬಲ್ ಇಳಿಯಬೇಕಾ ಬೇಡವಾ ಅಂತ ಹುಡುಗರ ನಡುವೆ ವಾರಗಟ್ಟಲೆ ಜಗಳ. ಇಷ್ಟೆಲ್ಲ ಆಗಿ ಅದು ಮೊದಲು ಮೊಳಗಿದ್ದು ಊರ ಜಾತ್ರೆಯಲ್ಲಿ, ಲೈಟ್ ಕಂಬಕ್ಕೆ ಕಟ್ಟಿದ ಕಹಳೆ ಸ್ಪೀಕರಿನಲ್ಲಿ. ಅದರಲ್ಲಿ ಬೇಸೂ ಬರಲ್ಲ, ತಂಬೂರಿಯೂ ಬರಲ್ಲ. ಕಂಬದ ಕೆಳಗೆ ಹಾಡಿನ ಹುಡುಗ ಎರಡೂ ಕಿವಿಗೆ ಬೆರಳಿಟ್ಟು ನಿಂತಿದ್ದ. ಮೈಕ್ ಸೆಟ್‌ನವನು ಅದನ್ನು ನೋಡಿ ಓಡಿಬಂದ.

'ಏನ್ ಸಾರ್, ಕೇಳ್ತಾ ಇಲ್ವಾ? ಸೌಂಡ್ ಇನ್ನೂ ಸ್ವಲ್ಪ ಕೊಡ್ಲಾ?'