ಮೈನಸ್ ಪವರ್ ಇದ್ದವರ ಪೊರೆ ಆಪರೇಷನ್: ಒಂದು ಸ್ಪಷ್ಟನೆ

"ಪೊರೆ ಆಪರೇಷನ್ ಆದರೆ ಮೈನಸ್ ಪವರ್ ಹೋಗುತ್ತದೆ, ಆಮೇಲೆ ರೆಟಿನಾ (ಕಣ್ಣಿನ ಒಳಗೆ ಹಿಂಭಾಗದಲ್ಲಿರುವ ಪದರ) ಚೆಕಪ್ ಬೇಡ" ಅನ್ನುವ ಮೆಸೇಜ್ ನಮ್ಮ ಜಯನಗರದ ಗ್ರೂಪುಗಳಲ್ಲಿ ಓಡಾಡುತ್ತಿದೆ. ಚೆಕಪ್ ಬೇಡ ಅನ್ನುವುದು ತಪ್ಪು. ಮೊನ್ನೆ ನಾನೂ ಕಳಿಸಿದ್ದೆ, ಕ್ಷಮಿಸಿ.

ಆಪರೇಷನ್‌ನಲ್ಲಿ ಬದಲಾಗುವುದು ಲೆನ್ಸ್ ಮಾತ್ರ. ಮೈನಸ್ 6ಕ್ಕಿಂತ ಜಾಸ್ತಿ ಇರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಉದ್ದವಾಗಿರುತ್ತದೆ, ಅದರಿಂದ ರೆಟಿನಾ ಎಳೆದಂತಾಗಿ ತೆಳುವಾಗಿರುತ್ತದೆ, ಹೊಸ ಲೆನ್ಸ್ ಹಾಕಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ ಅಲ್ವಾ? ರೆಟಿನಾ ಹರಿದು ಕಳಚುವ ಅಪಾಯ ಇವರಿಗೆ ಜಾಸ್ತಿ, ಆಪರೇಷನ್ ಆಗಿ ವರ್ಷಗಳಾದ ಮೇಲೂ ಆಗಬಹುದು. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಸುಮ್ನೆ ಹೆದರಬೇಡಿ. ಆದರೆ ಮಿಂಚು ಹೊಡೆದಂತೆ ಬೆಳಕು, ದಿಢೀರನೆ ಕಪ್ಪು ಚುಕ್ಕೆಗಳು, ಪರದೆ ಬಿದ್ದ ಹಾಗೆ ನೆರಳು ಕಂಡರೆ ಅದೇ ದಿನ ಮಿಂಟೋ ಕಣ್ಣಿನ ಆಸ್ಪತ್ರೆಗೋ ನಿಮ್ಮ ಕಣ್ಣಿನ ಡಾಕ್ಟರ ಹತ್ತಿರವೋ ಹೋಗಿ.

ಆ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.